ಬಸುರಿಯ ನಡಿಗೆ

ಲೋಕದಲ್ಲಿ ಬೇಡದೆ ಸಿಕ್ಕುವ ವಸ್ತುಗಳಲ್ಲಿ ಮೊದಲನೆಯದು ಉಪದೇಶ. ಅದನ್ನು ಅತ್ಯಂತ ಧಾರಾಳವಾಗಿ ಪಡೆಯುವವಳು ಚೊಚ್ಚಲ ಬಸುರಿ. ಮದುವೆಯ ಗಂಡಿಗೂ, ಹೊಸದಾಗಿ ಮನೆ ಕಟ್ಟಿಸಲು ಹೊರಟವನಿಗೂ ಬುದ್ಧಿ ಹೇಳುವವರು ಇಲ್ಲವೆಂದಲ್ಲ. ಆದರೆ ಅವರಿಬ್ಬರೂ ತಿರುಗಿ ಜವಾಬು ಕೊಡಬಲ್ಲರು. ಬಸುರಿಗೆ ಆ ಸ್ವಾತಂತ್ರ್ಯವಿಲ್ಲ. ಹೇಳುವವರೆಲ್ಲ ಒಂದೋ ಹೆತ್ತವರು, ಇಲ್ಲವೆ ಹೆತ್ತವರನ್ನು ಹತ್ತಿರದಿಂದ ಕಂಡವರು. ಅವಳೋ ಇನ್ನೂ ಪರೀಕ್ಷೆಗೆ ಕೂತವಳು; ಪಾಸಾದವರ ಮುಂದೆ ಬಾಯಿ ತೆರೆಯುವುದು ಹೇಗೆ? ತಲೆಯಾಡಿಸುತ್ತಾಳೆ, ನಗುತ್ತಾಳೆ, ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಗಂಡನ ಮೇಲೆ ರೇಗುತ್ತಾಳೆ. ಸಂಸಾರದ ಶಾಂತಿ ಹೀಗೆ ಉಳಿದುಬಂದಿದೆ.

ಜಯನಗರದ ಒಂಬತ್ತನೆಯ ಬ್ಲಾಕಿನಲ್ಲಿ ನಾನು ಕಂಡಂತೆ ಈ ಉಪದೇಶಕರಲ್ಲಿ ಎರಡು ಮತಗಳಿವೆ. ಒಂದು 'ಏಳಬೇಡ' ಮತ. ಇನ್ನೊಂದು 'ಕೂರಬೇಡ' ಮತ. ಮೊದಲ ಮತದವರ ಪ್ರಕಾರ ಬಸುರಿಯೆಂದರೆ ತುಂಬಿದ ಹಾಲಿನ ಪಾತ್ರೆ. ಮೆಟ್ಟಿಲು ಹತ್ತಬಾರದು, ಬಗ್ಗಬಾರದು, ಕೈಯೆತ್ತಿ ಬಟ್ಟೆ ಒಣಹಾಕಬಾರದು, ಮುಸ್ಸಂಜೆಯಲ್ಲಿ ಹೊಸ್ತಿಲು ದಾಟಬಾರದು. ಎರಡು ಜೀವಕ್ಕೆ ಸಾಕಾಗುವಷ್ಟು ಊಟ ಮಾಡಿ, ಮೂರು ಜೀವಕ್ಕೆ ಸಾಕಾಗುವಷ್ಟು ಮಲಗಬೇಕು. ಎರಡನೆಯ ಮತದವರು ಇದನ್ನು ಕೇಳಿ ಮೂಗು ಮುರಿಯುತ್ತಾರೆ. 'ನಮ್ಮ ಕಾಲದಲ್ಲಿ ಒರಳಿನ ಮುಂದೆ ಕೂತಾಗಲೇ ನೋವು ಬಂತು; ಹಿಟ್ಟು ರುಬ್ಬಿ ಮುಗಿಸಿ, ಕೈ ತೊಳೆದುಕೊಂಡು ಹೋಗಿ ಹೆತ್ತೆವು. ಈಗಿನ ಹುಡುಗಿಯರಿಗೆ ಗುಂಡಿ ಒತ್ತಿದರೆ ಅಡಿಗೆ, ಗುಂಡಿ ಒತ್ತಿದರೆ ಬಟ್ಟೆ. ಕೊಯ್ಸಿಕೊಂಡು ಹೆರದೆ ಇನ್ನೇನು?' ಎಂಬುದು ಅವರ ಸಿದ್ಧಾಂತ.

ಈ ಎರಡು ಮತಗಳ ನಡುವೆ ಸಿಕ್ಕಿಕೊಂಡವಳು ನನ್ನ ಸೊಸೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ. ದಿನಕ್ಕೆ ಎಂಟೊಂಬತ್ತು ಗಂಟೆ ಕುರ್ಚಿಯ ಮೇಲೆ. ನಾಲ್ಕನೆಯ ತಿಂಗಳಲ್ಲಿ ವಾಂತಿ ನಿಂತು ಮುಖದಲ್ಲಿ ಗೆಲುವು ಕಾಣಿಸಿಕೊಂಡ ಮೇಲೆ, 'ಅತ್ತೆ, ನಾನು ನಡೆಯಬೇಕೋ, ಮಲಗಬೇಕೋ? ನೀವೇ ಒಂದು ತೀರ್ಮಾನ ಹೇಳಿಬಿಡಿ' ಎಂದು ಕೇಳಿದಳು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಹೇಳಿದವಳು ನಾನು. ಹೂವಿನ ಅಂಡಾಶಯದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಆದರೂ ಸೊಸೆಯ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಾಲ್ಕು ಪುಸ್ತಕ ತಿರುವಿ, ಇಬ್ಬರು ಡಾಕ್ಟರರ ಹತ್ತಿರ ಮಾತಾಡುವುದು ಮೇಲೆಂದು ತೋರಿತು. ಹಾಗೆ ತಿಳಿದುಬಂದದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ. ಓದುಗರಲ್ಲಿ ಗಂಡಸರಾರಾದರೂ 'ಇದು ಹೆಂಗಸರ ಮಾತು' ಎಂದು ಪುಟ ತಿರುವಲು ಹೊರಟಿದ್ದರೆ, ಅವರನ್ನು ಹೆತ್ತವಳೂ ಒಬ್ಬ ಹೆಂಗಸೆಂಬುದನ್ನು ನೆನೆದು ಇನ್ನೆರಡು ನಿಮಿಷ ನಿಲ್ಲಬೇಕೆಂದು ವಿನಂತಿ.

'ಏಳಬೇಡ' ಎನ್ನುವವರ ಅಂಜಿಕೆ ಸುಳ್ಳಲ್ಲ. ನಿಂತ ಗರ್ಭ ಇಳಿದುಹೋದ ಮನೆಯ ದುಃಖ ಏನೆಂಬುದನ್ನು ಕಂಡವರೇ ಹಾಗೆ ಹೇಳುತ್ತಾರೆ. ಆದರೆ ಆ ದುಃಖಕ್ಕೆ ಅವರು ಕಾಣುವ ಕಾರಣ ಸರಿಯಲ್ಲ. ಮೊದಲ ಮೂರು ತಿಂಗಳಲ್ಲಿ ಇಳಿದುಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಿನ ಏರುಪೇರು. ತಾಯಿ ಹತ್ತಿದ ಮೆಟ್ಟಿಲಲ್ಲ, ಎತ್ತಿದ ಕೊಡವಲ್ಲ. ಇದನ್ನು ತಿಳಿಯದೆ 'ಅಂದು ನಾನು ರಾಗಿಗುಡ್ಡದ ಮೆಟ್ಟಿಲು ಹತ್ತದಿದ್ದರೆ ಮಗು ಉಳಿಯುತ್ತಿತ್ತು' ಎಂದು ಜೀವಮಾನವೆಲ್ಲ ಕೊರಗಿದ ಹೆಂಗಸೊಬ್ಬರನ್ನು ನಾನು ಬಲ್ಲೆ. ಆಂಜನೇಯನಿಗೂ ಅದು ತಪ್ಪಿದ ಅಪವಾದವಲ್ಲ, ಆಕೆಗೂ ತಪ್ಪಲಿಲ್ಲ.

ಅಂಜಿಕೆ ಮನೆಯವರದು ಮಾತ್ರವಲ್ಲ, ವೈದ್ಯರದೂ ಆಗಿತ್ತು. ಅಮೆರಿಕದ ಹೆರಿಗೆ ವೈದ್ಯರ ಸಂಘ 1985ರಲ್ಲಿ ಹೊರಡಿಸಿದ ಸೂಚನೆಯಲ್ಲಿ, ವ್ಯಾಯಾಮ ಮಾಡುವಾಗ ಬಸುರಿಯ ನಾಡಿ ನಿಮಿಷಕ್ಕೆ 140 ಬಡಿತ ಮೀರಬಾರದು, ಬಿರುಸಿನ ವ್ಯಾಯಾಮ 15 ನಿಮಿಷ ದಾಟಬಾರದು ಎಂದಿತ್ತು. 1994ರಲ್ಲಿ ಅದೇ ಸಂಘ ಆ ಕಟ್ಟನ್ನು ಬಿಚ್ಚಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಮುಂದೆ ಹೋಗಿ, ಬೇರೆ ತೊಂದರೆಯಿಲ್ಲದ ಬಸುರಿ ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಮೈ ಬೆಚ್ಚಗಾಗುವಷ್ಟು ಚಟುವಟಿಕೆ ನಡೆಸಬೇಕೆಂದು ಹೇಳಿದೆ. ಎಂದರೆ ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ ಚುರುಕಾಗಿ ನಡೆದರೆ ಲೆಕ್ಕ ಸರಿಹೋಯಿತು. ಚುರುಕು ಎಂದರೆ ಎಷ್ಟು? ನಡೆಯುತ್ತ ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದು ಡಾಕ್ಟರರೇ ಹೇಳುವ ಅಳತೆ. ನಮ್ಮ ಬಡಾವಣೆಯ ಹೆಂಗಸರಿಗೆ ಇದಕ್ಕಿಂತ ಸುಲಭವಾದ ಮಾಪಕ ಸಿಕ್ಕಲಾರದು.

ಇನ್ನು 'ಕೂರಬೇಡ' ಮತ. ಅದರ ಮಾತು ಅರ್ಧ ನಿಜ. ಬೀಸುವ ಕಲ್ಲು, ಒರಳು, ಬಾವಿಯ ಹಗ್ಗ, ಕುಕ್ಕರಗಾಲಿನಲ್ಲಿ ಕೂತು ಸಾರಿಸುವ ನೆಲ, ಇವೆಲ್ಲ ಮೈಗೆ ಕಸುವು ಕೊಟ್ಟದ್ದು ಹೌದು. ಆದರೆ ಆ ಮತದವರು ಹೆರಿಗೆಯವರೆಗಿನ ಕಥೆಯನ್ನು ಮಾತ್ರ ಹೇಳುತ್ತಾರೆ, ಅದರಾಚೆಯದನ್ನು ಹೇಳುವುದಿಲ್ಲ. ಹೆತ್ತ ಹದಿನೈದನೆಯ ದಿನಕ್ಕೆ ಮತ್ತೆ ಬಾವಿಕಟ್ಟೆಗೆ ಹೋದವರಿಗೆ ಮುಂದೆ ಏನಾಯಿತು?

ನನ್ನ ದೊಡ್ಡಮ್ಮ ತಿಪಟೂರಿನ ಕಡೆಯ ಒಂದು ಹಳ್ಳಿಯಲ್ಲಿ ಬಾಳಿದವರು. ಆರು ಮಕ್ಕಳ ತಾಯಿ. ದುಡಿಮೆಯಲ್ಲಿ ಗಂಡಸರನ್ನು ನಾಚಿಸುವಂಥ ಹೆಂಗಸು ಎಂದು ಊರೆಲ್ಲ ಹೊಗಳುತ್ತಿತ್ತು. ಆದರೆ ನನಗೆ ಬುದ್ಧಿ ತಿಳಿದ ಮೇಲೆ ಕಂಡ ದೊಡ್ಡಮ್ಮ ಎಲ್ಲಿಗೂ ಹೊರಡುತ್ತಿರಲಿಲ್ಲ. ಮದುವೆಯೆಂದರೆ ಒಂದು ನೆಪ, ಜಾತ್ರೆಯೆಂದರೆ ಇನ್ನೊಂದು ನೆಪ. ಬಸ್ಸೆಂದರೆ ಆಗದು. ಕೂರುವಾಗ ಯಾವಾಗಲೂ ಹಳೆಯ ಸೀರೆಯೊಂದನ್ನು ಮಡಿಸಿ ಹಾಕಿಕೊಳ್ಳುತ್ತಿದ್ದರು. ಜೋರಾಗಿ ನಗುವ ಸಂದರ್ಭ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ನಾವು ಅದನ್ನು ಗಾಂಭೀರ್ಯವೆಂದುಕೊಂಡೆವು. ಅವರ ಅರವತ್ತೆಂಟನೆಯ ವಯಸ್ಸಿನಲ್ಲಿ, ಕಣ್ಣಿನ ಪೊರೆ ತೆಗೆಸಲೆಂದು ನಮ್ಮ ಮನೆಗೆ ಬಂದು ಇಳಿದುಕೊಂಡಿದ್ದಾಗ, ಒಂದು ರಾತ್ರಿ ದೀಪ ಆರಿಸಿದ ಮೇಲೆ ಕತ್ತಲೆಯಲ್ಲಿ ಮೆಲ್ಲಗೆ ಹೇಳಿದರು: 'ಗರ್ಭಕೋಶ ಜಾರಿ ಹೊರಕ್ಕೆ ಬಂದಿದೆ ಕಣೆ. ಇಪ್ಪತ್ತೆರಡು ವರ್ಷವಾಯಿತು.' ಇಪ್ಪತ್ತೆರಡು ವರ್ಷ ದಿನಾ ಕೈಯಿಂದ ಒಳಕ್ಕೆ ಒತ್ತಿಕೊಂಡು, ನೀರು ಸೇದಿ, ಸಗಣಿ ಬಾಚಿ, ಮೊಮ್ಮಕ್ಕಳನ್ನು ಎತ್ತಿದ್ದರು. 'ಯಾರಿಗೂ ಹೇಳಲಿಲ್ಲವೆ ದೊಡ್ಡಮ್ಮ?' ಎಂದೆ. 'ಇದನ್ನು ಹೇಳುವುದಕ್ಕೆ ಮಾತೆಲ್ಲಿದೆ?' ಎಂದರು.

ಮಾರನೆಯ ದಿನ ಡಾಕ್ಟರರಲ್ಲಿಗೆ ಹೋದೆವು. ಸಕ್ಕರೆ ಕಾಯಿಲೆಯಿದ್ದುದರಿಂದ ಶಸ್ತ್ರಚಿಕಿತ್ಸೆಗೆ ಅವಸರ ಬೇಡವೆಂದು, ಗರ್ಭಕೋಶವನ್ನು ಮೇಲೆ ತಡೆದು ಹಿಡಿಯುವ ಒಂದು ಉಂಗುರವನ್ನು ಒಳಗೆ ಇಟ್ಟರು. ಹತ್ತು ನಿಮಿಷದ ಕೆಲಸ. ತಿಂಗಳು ಕಳೆಯುವುದರೊಳಗೆ ದೊಡ್ಡಮ್ಮ ಬಸ್ಸು ಹತ್ತಿ ಧರ್ಮಸ್ಥಳಕ್ಕೆ ಹೋಗಿಬಂದರು. ಹತ್ತು ನಿಮಿಷದಲ್ಲಿ ಆಗಬಹುದಾದದ್ದಕ್ಕೆ ಇಪ್ಪತ್ತೆರಡು ವರ್ಷ ಕಾದದ್ದು ವೈದ್ಯವಿಲ್ಲದ್ದರಿಂದಲ್ಲ, ಮಾತಿಲ್ಲದ್ದರಿಂದ. ತಿಪಟೂರಿನಲ್ಲೂ ಡಾಕ್ಟರರಿದ್ದರು.

ಮಾತಿಲ್ಲವೆಂಬುದು ನಿಜವೆ. ತಲೆಗೂದಲಿನಿಂದ ಹಿಮ್ಮಡಿಯ ಬಿರುಕಿನವರೆಗೆ ನಮ್ಮ ಭಾಷೆಯಲ್ಲಿ ಹೆಸರಿಲ್ಲದ ಅಂಗವಿಲ್ಲ. ಆದರೆ ದೊಡ್ಡಮ್ಮನಿಗೆ ಕೈಕೊಟ್ಟ ಆ ಸ್ನಾಯುಗಳಿಗೆ ಮನೆಮಾತಿನ ಹೆಸರು ಇಲ್ಲ. ವೈದ್ಯರ ಪುಸ್ತಕದಲ್ಲಿ ವಸ್ತಿಕುಹರದ ತಳ ಎಂದಿದೆ, ಶ್ರೋಣಿತಲ ಎಂದಿದೆ. ಯಾವ ಅತ್ತೆ ಯಾವ ಸೊಸೆಗೆ 'ನಿನ್ನ ಶ್ರೋಣಿತಲ ಹೇಗಿದೆಯಮ್ಮ?' ಎಂದು ಕೇಳಿಯಾಳು? ಡಾಕ್ಟರ್ ಅನುಪಮಾ ನಿರಂಜನ ಅವರು 'ತಾಯಿ-ಮಗು' ಪುಸ್ತಕ ಬರೆದು, ಬಸಿರು ಬಾಣಂತನಗಳ ಮಾತನ್ನು ಅಡಿಗೆಮನೆಯ ಗುಟ್ಟಿನಿಂದ ಬಿಡಿಸಿ ಅಚ್ಚಿನ ಬೆಳಕಿಗೆ ತಂದರು. ಎಷ್ಟೋ ಮನೆಗಳಲ್ಲಿ ಆ ಪುಸ್ತಕ ಮದುವೆಯ ಉಡುಗೊರೆಯಾಗಿ ಬಂದದ್ದುಂಟು. ಆದರೂ ಈ ತಳದ ಮಾತು ಮಾತ್ರ ಇನ್ನೂ ಬಾಯಿಂದ ಬಾಯಿಗೆ ಬಂದಿಲ್ಲ.

ನಾನು ಸೊಸೆಗೆ ಅದನ್ನು ವಿವರಿಸಿದ್ದು ಹೀಗೆ. ಮಗುವನ್ನು ಮಲಗಿಸಲು ತೊಲೆಗೆ ಸೀರೆಯ ಜೋಲಿ ಕಟ್ಟುತ್ತೇವಲ್ಲ, ಹಾಗೆ ನಮ್ಮ ಮೈಯೊಳಗೂ ಒಂದು ಜೋಲಿಯಿದೆ. ಅದರ ಒಂದು ತುದಿ ಮುಂದೆ ಕಿಬ್ಬೊಟ್ಟೆಯ ಕೆಳಗಿನ ಮೂಳೆಗೆ, ಇನ್ನೊಂದು ತುದಿ ಹಿಂದೆ ಬೆನ್ನೆಲುಬಿನ ಬಾಲದ ಮೂಳೆಗೆ. ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ, ಹಿಂದೆ ಮಲಾಶಯ, ಮೂರೂ ಆ ಜೋಲಿಯ ಮೇಲೆ ಕೂತಿವೆ. ಮೂರು ದಾರಿಗಳೂ ಅದರ ನಡುವೆಯೇ ಹಾದುಹೋಗುತ್ತವೆ. ಜೋಲಿ ಬಿಗಿಯಾಗಿದ್ದರೆ ಕೆಮ್ಮಿದರೂ ಸೀನಿದರೂ ನಕ್ಕರೂ ದಾರಿ ಮುಚ್ಚಿರುತ್ತದೆ, ಸಡಿಲಾದರೆ ತೊಟ್ಟಿಕ್ಕುತ್ತದೆ, ಇನ್ನೂ ಸಡಿಲಾದರೆ ಮೇಲಿನದು ಕೆಳಕ್ಕೆ ಜಾರುತ್ತದೆ. ಬಸಿರಿನಲ್ಲಿ ಈ ಜೋಲಿಗೆ ಎರಡು ಪರೀಕ್ಷೆ. ಒಂದು ಕಡೆ ದಿನೇ ದಿನೇ ಏರುವ ಭಾರ. ಇನ್ನೊಂದು ಕಡೆ, ಮಗುವಿಗೆ ದಾರಿ ಬಿಡಲೆಂದು ದೇಹವೇ ಸ್ರವಿಸುವ ರಸಗಳಿಂದ ಕಟ್ಟುಗಳು ಮೆತ್ತಗಾಗುತ್ತವೆ. ಮಗು ಹೊರಬರುವಾಗ ಈ ಸ್ನಾಯುವಿನ ಕೆಲವು ಎಳೆಗಳು ತಮ್ಮ ಉದ್ದದ ಮೂರು ಪಟ್ಟಿಗೂ ಮಿಕ್ಕಿ ಹಿಗ್ಗಬೇಕಾಗುತ್ತದೆಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಜ್ಞರು 2004ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಕೈಯ ಸ್ನಾಯುವೋ ಕಾಲಿನ ಸ್ನಾಯುವೋ ಅಷ್ಟು ಹಿಗ್ಗಿದರೆ ಹರಿದೇ ಹೋದೀತು. ಹೆತ್ತವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಮೂತ್ರ ತಡೆಯಲಾರದ ತೊಂದರೆ ಕಾಣಿಸಿಕೊಳ್ಳುತ್ತದೆಂಬುದು ಆಶ್ಚರ್ಯವಲ್ಲ. ಮೂರರಲ್ಲಿಬ್ಬರು ಪಾರಾಗುತ್ತಾರೆಂಬುದೇ ಆಶ್ಚರ್ಯ.

ಈ ಜೋಲಿಗೂ ವ್ಯಾಯಾಮವುಂಟೆಂಬುದು ಇತ್ತೀಚೆಗೆ ಹೊಳೆದದ್ದಲ್ಲ. 1936ರಲ್ಲೇ ಇಂಗ್ಲೆಂಡಿನ ನೃತ್ಯಗಾರ್ತಿ ಮಾರ್ಗರೆಟ್ ಮಾರಿಸ್ ಬಾಣಂತಿಯರಿಗಾಗಿ ಅದನ್ನು ವಿವರಿಸಿ ಬರೆದಿದ್ದರು. ಆದರೆ ಅದಕ್ಕೆ ವೈದ್ಯಶಾಸ್ತ್ರದ ಮುದ್ರೆ ಒತ್ತಿದವರು ಅಮೆರಿಕದ ಲಾಸ್ ಏಂಜಲೀಸಿನ ಡಾಕ್ಟರ್ ಆರ್ನಾಲ್ಡ್ ಕೆಗೆಲ್. ಹೆರಿಗೆಯ ನಂತರ ಸಡಿಲಾದ ಈ ಸ್ನಾಯುಗಳನ್ನು ಕತ್ತಿಯಿಲ್ಲದೆ, ಅಭ್ಯಾಸದಿಂದಲೇ ಬಿಗಿಗೊಳಿಸಬಹುದೆಂದು ತೋರಿಸಿ, ಎಷ್ಟು ಬಿಗಿಯಾಯಿತೆಂದು ಅಳೆಯುವ ಒಂದು ಉಪಕರಣವನ್ನೂ ಮಾಡಿ, 1948ರ ಆಗಸ್ಟಿನಲ್ಲಿ ಅವರು ಲೇಖನ ಪ್ರಕಟಿಸಿದರು. ಅದೇ 1948ರ ಆಗಸ್ಟಿನಲ್ಲಿ, ಆಗಿನ ಗವರ್ನರ್ ಜನರಲ್ ರಾಜಾಜಿಯವರು ನಮ್ಮ ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದರು. ಅಶೋಕ ಸ್ತಂಭ ಅದರ ನೆನಪಿಗೆ ಇಂದೂ ನಿಂತಿದೆ. ಈ ಎರಡು ತಳಪಾಯಗಳಲ್ಲಿ ಒಂದರ ಮೇಲೆ ಬ್ಲಾಕು, ಕಾಂಪ್ಲೆಕ್ಸು, ಮೆಟ್ರೊ ಎಲ್ಲ ಎದ್ದವು. ಇನ್ನೊಂದರ ಸುದ್ದಿ ಈ ಮನೆಗಳ ಒಳಕ್ಕೆ ಬರಲು ಮುಕ್ಕಾಲು ಶತಮಾನ ಹಿಡಿಯಿತು.

ನಮ್ಮವರಿಗೆ ಇದು ತೀರ ಅಪರಿಚಿತವೂ ಅಲ್ಲ. ಹಠಯೋಗದ ಗ್ರಂಥಗಳಲ್ಲಿ ಬರುವ ಮೂಲಬಂಧ, ಅಶ್ವಿನೀಮುದ್ರೆಗಳು ಇದೇ ಜಾಗದ ಸ್ನಾಯುಗಳನ್ನು ಹಿಡಿದು ಬಿಡುವ ಕ್ರಿಯೆಗಳು. ಯೋಗಿಗಳ ಗುರಿ ಬೇರೆಯಾಗಿತ್ತು. ಪ್ರಾಣವನ್ನು ಮೇಲಕ್ಕೆ ಒಯ್ಯುವುದು ಅವರ ಉದ್ದೇಶ. ಮೋಕ್ಷಕ್ಕೆ ಹೊರಟ ಗಂಡಸರು ಗುಹೆಗಳಲ್ಲಿ ಕೂತು ಸಾವಿರಾರು ಸಲ ಸಾಧಿಸಿದ್ದು, ಕೊಟ್ಟಿಗೆಯಲ್ಲಿ ದುಡಿದು ಆರು ಹೆತ್ತ ಹೆಂಗಸಿನ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ ಮೋಕ್ಷಕ್ಕೆ ಮೊದಲು ಧರ್ಮಸ್ಥಳವಾದರೂ ಆಕೆಗೆ ಬೇಗ ಸಿಕ್ಕುತ್ತಿತ್ತು.

ಮಾಡಿದರೆ ಫಲವುಂಟೆ ಎಂಬ ಪ್ರಶ್ನೆ ನ್ಯಾಯವಾದದ್ದು. 21 ದೇಶಗಳಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 46 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯವರು 2020ರಲ್ಲಿ ಒಟ್ಟಿಗೆ ತೂಗಿ ನೋಡಿದ್ದಾರೆ. ತೊಂದರೆ ಇನ್ನೂ ಕಾಣಿಸಿಕೊಳ್ಳುವ ಮೊದಲೇ, ಬಸಿರಿನ ಆರಂಭದ ತಿಂಗಳುಗಳಲ್ಲಿ ಕ್ರಮವಾಗಿ ಕಲಿತು ಮಾಡಿದವರಲ್ಲಿ, ಕೊನೆಯ ತಿಂಗಳುಗಳ ಹೊತ್ತಿಗೆ ಮೂತ್ರ ಸೋರುವ ಸಂಭವ ನೂರಕ್ಕೆ 62ರಷ್ಟು ಕಡಿಮೆಯೆಂದು ಕಂಡಿದೆ. ಹೆತ್ತು ಮೂರರಿಂದ ಆರು ತಿಂಗಳಾದ ಮೇಲೂ ನೂರಕ್ಕೆ 29ರಷ್ಟು ಕಡಿಮೆ. ದುಡ್ಡಿಲ್ಲದ, ಮದ್ದಿಲ್ಲದ, ಬಸ್ಸಿನ ಸಾಲಿನಲ್ಲಿ ನಿಂತೇ ಮಾಡಬಹುದಾದ ಒಂದು ಕೆಲಸಕ್ಕೆ ಇಷ್ಟು ಪ್ರತಿಫಲ ಕಡಿಮೆಯೇನಲ್ಲ. 2021ರಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆಗೆ ಸೂಚನೆ ಬರೆಯುವ ಸಂಸ್ಥೆ ಇನ್ನೊಂದು ಮಾತನ್ನೂ ಸೇರಿಸಿತು: ಬಸುರಿಯ ತಾಯಿಗೋ ಒಡಹುಟ್ಟಿದವರಿಗೋ ಈ ತೊಂದರೆಯಿದ್ದರೆ, ಇಪ್ಪತ್ತನೆಯ ವಾರದಿಂದ ಮೂರು ತಿಂಗಳು ತಿಳಿದವರ ಕಣ್ಣೆದುರಿನಲ್ಲೇ ಅವಳಿಗೆ ಈ ವ್ಯಾಯಾಮ ಮಾಡಿಸುವುದು ಒಳ್ಳೆಯದು.

ಇದನ್ನು ಓದಿ ಹೇಳಿದಾಗ ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಲ್ಲೇ ದಾವಣಗೆರೆಯ ತನ್ನ ತಾಯಿಗೆ ಫೋನು ಮಾಡಿದಳು. 'ಅಮ್ಮ, ಕೆಮ್ಮಿದರೆ ನಿನಗೆ ಸೋರುತ್ತದೆಯೆ?' ಎಂದು ನೇರವಾಗಿಯೇ ಕೇಳಿದಳು. ಈಗಿನ ಹುಡುಗಿಯರ ಈ ನೇರವನ್ನು ನಾನು ಮೆಚ್ಚಿಕೊಂಡದ್ದು ಅಂದೇ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ ಆಕೆ ಕೇಳಿದ್ದು ಒಂದೇ: 'ನಿನಗೆ ಯಾರು ಹೇಳಿದರು?'

ಸೊಸೆ ಹುಟ್ಟಿದಂದಿನಿಂದ, ಇಪ್ಪತ್ತೊಂಬತ್ತು ವರ್ಷದಿಂದ ಇತ್ತಂತೆ. ಗಂಡನಿಗೂ ತಿಳಿಯದು. ಮಗಳ ಮದುವೆಯಲ್ಲಿ ಧಾರೆಯ ಹೊತ್ತಿಗೆ ಎರಡು ಸಲ ಸೀರೆ ಬದಲಾಯಿಸಿದ್ದನ್ನು ನಾವೆಲ್ಲ ಕಂಡಿದ್ದೆವು. ಬೀಗಿತ್ತಿಗೆ ಸೀರೆಯ ಶೋಕಿ ಹೆಚ್ಚು ಎಂದು ನಮ್ಮ ಕಡೆಯವರು ಆಡಿಕೊಂಡದ್ದೂ ಉಂಟು. ದೊಡ್ಡಮ್ಮ ಓದದ ಹಳ್ಳಿಯ ಹೆಂಗಸು. ಬೀಗಿತ್ತಿಯವರು ಪದವೀಧರೆ, ಬ್ಯಾಂಕಿನಲ್ಲಿ ಇದ್ದವರು. ಇಬ್ಬರ ಮೌನ ಮಾತ್ರ ಒಂದೇ. ವಿದ್ಯೆಯಿಂದ ಲಜ್ಜೆ ಹೋಗುತ್ತದೆಂಬುದು ನನ್ನ ಮೇಷ್ಟರಿಕೆಯ ನಂಬಿಕೆಯಾಗಿತ್ತು. ಅದಕ್ಕೆ ವಿದ್ಯೆ ಸಾಲದು, ಯಾರಾದರೂ ಕೇಳಬೇಕು ಎಂದು ಈಗ ತೋರುತ್ತದೆ.

ಈ ಅಭ್ಯಾಸವನ್ನು ಮಾಡುವ ಬಗೆ ಸರಳ, ಆದರೆ ತಪ್ಪಾಗುವುದೂ ಅಷ್ಟೇ ಸರಳ. ವಾಯುವನ್ನೂ ಮೂತ್ರವನ್ನೂ ಒಟ್ಟಿಗೆ ತಡೆಹಿಡಿಯುವಾಗ ಒಳಗೆ ಯಾವುದು ಮೇಲಕ್ಕೆ ಸೆಳೆದುಕೊಳ್ಳುತ್ತದೆಯೋ ಅದೇ ನಮ್ಮ ಜೋಲಿ. ಅದನ್ನು ಮೆಲ್ಲಗೆ ಮೇಲಕ್ಕೆತ್ತಿ, ಐದಾರು ಸೆಕೆಂಡು ಹಿಡಿದು, ಪೂರ್ತಿಯಾಗಿ ಬಿಡಬೇಕು. ಹಿಡಿಯುವುದರಷ್ಟೇ ಬಿಡುವುದೂ ಮುಖ್ಯ. ಹೀಗೆ ಎಂಟು ಸಲ. ದಿನಕ್ಕೆ ಮೂರು ಹೊತ್ತು. ರೂಢಿಯಾದಂತೆ ಹಿಡಿಯುವ ಹೊತ್ತನ್ನು ಹತ್ತು ಸೆಕೆಂಡಿಗೆ ಏರಿಸಬಹುದು. ನಡುವೆ ಕೆಲವನ್ನು ಚಿಟಿಕೆ ಹೊಡೆದಷ್ಟು ಬೇಗ ಹಿಡಿದು ಬಿಡಬೇಕು, ಸೀನು ಬಂದಾಗ ಉಪಯೋಗಕ್ಕೆ ಬರುವುದು ಅದೇ. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ, ಪಿರ್ರೆಗಳನ್ನು ಬಿಗಿಯಬಾರದು. ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯಬಾರದು. ಮೂತ್ರ ಮಾಡುತ್ತ ನಡುವೆ ತಡೆದು ಅಭ್ಯಾಸ ಮಾಡುವುದು ಒಳ್ಳೆಯದಲ್ಲ. ಎಷ್ಟೋ ಮಂದಿ ಎತ್ತುವ ಬದಲು ಮುಕ್ಕುತ್ತಾರೆ. ಅದು ಜೋಲಿಯನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತದೆ. ಕೆಲವರಲ್ಲಿ ಸ್ನಾಯು ಸಡಿಲಾಗಿರುವುದಕ್ಕೆ ಬದಲು ಸದಾ ಬಿಗಿದುಕೊಂಡೇ ಇದ್ದು ನೋವು ಕೊಡುತ್ತದೆ. ಅವರು ಮೊದಲು ಬಿಡುವುದನ್ನು ಕಲಿಯಬೇಕು. ಆದ್ದರಿಂದ ಒಮ್ಮೆಯಾದರೂ ಇದನ್ನು ಬಲ್ಲ ಫಿಸಿಯೋಥೆರಪಿಸ್ಟರಿಗೆ ತೋರಿಸಿಕೊಳ್ಳುವುದು ಕ್ಷೇಮ. ಫಲ ಕಾಣಲು ಮೂರು ತಿಂಗಳು ಬೇಕು. ನುಗ್ಗೆಗಿಡ ನೆಟ್ಟ ಮಾರನೆಯ ದಿನ ಕಾಯಿ ಹುಡುಕುವವರಿಗೆ ಇದು ಹೇಳಿದ್ದಲ್ಲ.

ಬರಿ ಜೋಲಿ ಸಾಲದು, ಮೈಯೆಲ್ಲ ಆಡಬೇಕು. ಈ ಮಾತಿಗೆ ಸಾಕ್ಷಿ ದೂರದಲ್ಲಿಲ್ಲ, ನಮ್ಮ ಪಕ್ಕದ ಬಸವನಗುಡಿಯಲ್ಲೇ ಇದೆ. ಅಲ್ಲಿನ ಗುಣಶೀಲ ಹೆರಿಗೆ ಆಸ್ಪತ್ರೆಗೆ ಬರುತ್ತಿದ್ದ 335 ಬಸುರಿಯರನ್ನು ಜೊತೆಗೂಡಿಸಿಕೊಂಡು, ಡಾಕ್ಟರ್ ನಾಗರತ್ನ, ಡಾಕ್ಟರ್ ನಾಗೇಂದ್ರ, ಡಾಕ್ಟರ್ ಸುಲೋಚನಾ ಗುಣಶೀಲ ಮೊದಲಾದವರು ಒಂದು ಅಧ್ಯಯನ ನಡೆಸಿ 2005ರಲ್ಲಿ ಪ್ರಕಟಿಸಿದರು. ಹದಿನೆಂಟರಿಂದ ಇಪ್ಪತ್ತನೆಯ ವಾರದೊಳಗೆ ಸೇರಿದ 169 ಮಂದಿ ಹೆರಿಗೆಯವರೆಗೆ ದಿನಕ್ಕೊಂದು ಗಂಟೆ ಆಸನ, ಉಸಿರಾಟ, ಧ್ಯಾನಗಳನ್ನು ಮಾಡಿದರು. ಉಳಿದ 166 ಮಂದಿ ದಿನಕ್ಕೆರಡು ಸಲ ಅರ್ಧರ್ಧ ಗಂಟೆ ನಡೆದರು. ಯೋಗ ಮಾಡಿದವರಲ್ಲಿ ಎರಡೂವರೆ ಕಿಲೋ ತುಂಬಿದ ಮಕ್ಕಳು ಹೆಚ್ಚು ಹುಟ್ಟಿದವು. ದಿನ ತುಂಬದ ಹೆರಿಗೆಗಳು ಕಡಿಮೆಯಾದವು. ಯಾವ ಕೆಡುಕೂ ಕಾಣಲಿಲ್ಲ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿಯೆತ್ತಿ ಹಂಚಿದ ಪ್ರಯೋಗ ಅದಲ್ಲವಾದ್ದರಿಂದ ಯೋಗವೇ ಗೆದ್ದಿತೆಂದು ಡಂಗುರ ಹೊಡೆಯಬೇಕಾಗಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ: 335 ಮಂದಿಯಲ್ಲಿ ಒಬ್ಬರಿಗೂ 'ಮಲಗಿರು' ಎಂದು ಹೇಳಿರಲಿಲ್ಲ.

ಹಾಗೆಂದು ಏಳಬಾರದವರೂ ಉಂಟು. ಮಾಸು ಕೆಳಗಿದ್ದು ಗರ್ಭಕೋಶದ ಬಾಯನ್ನು ಮುಚ್ಚಿದ್ದರೆ, ಬಾಯಿಗೆ ಹೊಲಿಗೆ ಹಾಕಿದ್ದರೆ, ರಕ್ತದೊತ್ತಡ ಏರಿದ್ದರೆ, ರಕ್ತ ತೀರ ಕಡಿಮೆಯಿದ್ದರೆ, ಡಾಕ್ಟರರ ಮಾತೇ ಮಾತು. ಯಾರೇ ಆಗಲಿ, ನಡುವೆ ರಕ್ತ ಕಂಡರೆ, ನೀರು ಹೋದರೆ, ಕ್ರಮವಾಗಿ ನೋವು ಬಂದರೆ, ತಲೆ ಸುತ್ತಿದರೆ, ಎದೆ ನೊಂದರೆ, ಮೀನಖಂಡ ಊದಿ ನೊಂದರೆ, ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ತಿಂಗಳು ತುಂಬುತ್ತ ಬಂದಾಗ ಅಂಗಾತ ಮಲಗಿ ವ್ಯಾಯಾಮ ಮಾಡಬಾರದು. ಗರ್ಭದ ಭಾರ ಬಿದ್ದು ಹೃದಯಕ್ಕೆ ಮರಳುವ ದೊಡ್ಡ ರಕ್ತನಾಳ ಒತ್ತಿಹೋಗುತ್ತದೆ.

ನಮ್ಮ ಕಡೆ ಬಸುರಿಗೆ ನಡೆಯಲು ಜಾಗವೇನೋ ಇದೆ. ಜೆ. ಪಿ. ನಗರದಲ್ಲಿ ಪುಟ್ಟ ಕಾಡೇ ಉಂಟು, ಸಾರಕ್ಕಿ ಕೆರೆಯ ಏರಿಯುಂಟು, ಬಿ. ಟಿ. ಎಂ. ಬಡಾವಣೆಯವರಿಗೆ ಮಡಿವಾಳದ ಕೆರೆ. ನಮಗೆ ಲಕ್ಷ್ಮಣರಾವ್ ಉದ್ಯಾನದ ಮರಗಳ ಸಾಲು. ಆ ಜಾಗಕ್ಕೆ ಹೋಗಿ ಸೇರುವುದೇ ಕಷ್ಟ. ಕಾಲುದಾರಿಯ ಮೇಲೆ ಮೊದಲು ಸ್ಕೂಟರು, ಆಮೇಲೆ ಎಳನೀರಿನ ಬುರುಡೆ, ಆಮೇಲೆ ಎದ್ದು ನಿಂತ ಚಪ್ಪಡಿಕಲ್ಲು. ತನ್ನ ಪಾದವೇ ತನಗೆ ಕಾಣದ ಏಳು ತಿಂಗಳ ಬಸುರಿ ಅದನ್ನು ದಾಟುವುದು ಸರ್ಕಸ್ಸಿನವರ ವ್ಯಾಯಾಮ. ನಗರಪಾಲಿಕೆಯವರು ಚಪ್ಪಡಿ ಹಾಸುವ ಮೊದಲು ಒಬ್ಬ ತುಂಬು ಗರ್ಭಿಣಿಯನ್ನು ಕರೆದು ನಡೆಸಿ ನೋಡುವುದು ಒಳ್ಳೆಯದು. 2025ರ ಆಗಸ್ಟಿನಲ್ಲಿ ಮೆಟ್ರೊದ ಹಳದಿ ಮಾರ್ಗ ತೆರೆದ ಮೇಲೆ ನನ್ನ ಸೊಸೆಗೆ ಒಂದು ಅನುಕೂಲವಾಯಿತು: ಮನೆಯಿಂದ ರಾಗಿಗುಡ್ಡ ನಿಲ್ದಾಣಕ್ಕೆ ಹನ್ನೆರಡು ನಿಮಿಷ, ಸಂಜೆ ಮತ್ತೆ ಹನ್ನೆರಡು. ವಾರದ 150 ನಿಮಿಷದಲ್ಲಿ ಬಹುಪಾಲು ಅಲ್ಲೇ ತೀರುತ್ತದೆ. ಗಾಡಿಯೊಳಗೆ ಕೂತಾಗ ಎಂಟು ಸಲ ಜೋಲಿ ಎತ್ತುತ್ತಾಳೆ. ಎದುರಿಗೆ ಕೂತವರು ಹುಡುಗಿ ಏನೋ ಗಹನವಾಗಿ ಯೋಚಿಸುತ್ತಿದ್ದಾಳೆ ಎಂದುಕೊಳ್ಳುತ್ತಾರಂತೆ.

ಕೊಯ್ದು ತೆಗೆದರೆ ಈ ತಾಪತ್ರಯವೇ ಇಲ್ಲವಲ್ಲ ಎನ್ನುವವರೂ ಇದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಹೆರಿಗೆ ಸಿಸೇರಿಯನ್ ಆಗಿತ್ತು. ಅದರಿಂದ ಜೋಲಿಯ ಅಪಾಯ ಕಡಿಮೆಯಾಗುವುದು ನಿಜ, ಇಲ್ಲವಾಗುವುದು ಸುಳ್ಳು. ಒಂಬತ್ತು ತಿಂಗಳು ಭಾರ ಹೊತ್ತದ್ದು ಹೊತ್ತದ್ದೇ. ಹೊಟ್ಟೆಯ ಗಾಯ ಬೇರೆ.

ಬಾಣಂತನದ ವಿಚಾರದಲ್ಲಿ ನಮ್ಮ ಹಿರಿಯರನ್ನು ಹಳಿಯಲು ನನಗೆ ಮನಸ್ಸಿಲ್ಲ. ನಲವತ್ತು ದಿನ ಹೆತ್ತವಳ ಕೈಗೆ ಭಾರ ಕೊಡದೆ, ಎಣ್ಣೆ ನೀರು ಮಾಡಿಸಿ, ಮನೆಮಂದಿಯೆಲ್ಲ ಅವಳ ಸುತ್ತ ನಿಲ್ಲುವ ಏರ್ಪಾಡು ಎಲ್ಲ ನಾಡಿನಲ್ಲೂ ಇಲ್ಲ. ದೊಡ್ಡಮ್ಮನಿಗೆ ಕೆಡುಕಾದದ್ದು ಬಾಣಂತನದಿಂದಲ್ಲ, ಬಾಣಂತನ ಸಿಕ್ಕದ್ದರಿಂದ. ಆದರೆ ಎರಡು ಮಾತನ್ನು ತಿದ್ದಿಕೊಳ್ಳಬೇಕು. ನಲವತ್ತು ದಿನ ಹಾಸಿಗೆಗೇ ಅಂಟಿಕೊಂಡರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮನೆಯೊಳಗೆ ಬೇಗನೆ ಓಡಾಡಬೇಕು, ನೋವು ತಗ್ಗುತ್ತಲೇ ಜೋಲಿಯ ಅಭ್ಯಾಸವನ್ನೂ ಮತ್ತೆ ತೊಡಗಬಹುದು. ಎರಡನೆಯದು ನೀರು. ಮಗುವಿಗೆ ಶೀತವಾಗುತ್ತದೆಂದು ಬಾಣಂತಿಗೆ ನೀರನ್ನೂ ಸೊಪ್ಪುತರಕಾರಿಯನ್ನೂ ಬಿಗಿ ಹಿಡಿದರೆ ಅವಳಿಗೆ ಮಲಬದ್ಧವಾಗುತ್ತದೆ. ಮುಕ್ಕಿದಷ್ಟೂ ಹೊಸದಾಗಿ ಹಿಗ್ಗಿದ ಜೋಲಿ ಇನ್ನಷ್ಟು ಜೋಲುತ್ತದೆ. ಇನ್ನು ಹೊಟ್ಟೆಗೆ ಬಿಗಿಯುವ ಬಟ್ಟೆ: ಅದು ಬೆನ್ನಿಗೆ ಹಿತವೆನ್ನಿಸಿದರೆ ಸಡಿಲವಾಗಿ ಕಟ್ಟಿಕೊಳ್ಳಲಿ, ಆದರೆ ತಳಕ್ಕೆ ಅದರಿಂದ ಬಲ ಬರುವುದಿಲ್ಲ. ಚೀಲದ ನಡುವನ್ನು ಬಿಗಿದರೆ ಒಳಗಿನದು ಎತ್ತ ಸರಿಯುತ್ತದೆಂದು ಸಂತೆಗೆ ಹೋದವರಿಗೆಲ್ಲ ಗೊತ್ತು.

ಬೀಗಿತ್ತಿಯವರೂ ಈಗ ಅಭ್ಯಾಸ ಹಿಡಿದಿದ್ದಾರೆ. ದಾವಣಗೆರೆಯಲ್ಲೇ ಲೇಡಿ ಡಾಕ್ಟರೊಬ್ಬರಿಗೆ ತೋರಿಸಿಕೊಂಡು, ತಿಳಿದವರಿಂದ ಕಲಿತು, ನಾಲ್ಕು ತಿಂಗಳಾಯಿತು. ಪೂರ್ತಿ ವಾಸಿಯಾಗಿಲ್ಲ, ಆದರೆ ಹೋದ ತಿಂಗಳು ಸೀಮಂತಕ್ಕೆಂದು ರೈಲಿನಲ್ಲಿ ಕೂತು ಬಂದರು, ಮಧ್ಯಾಹ್ನ ಊಟಕ್ಕೆ ಕೂತಾಗ ಯಾರದೋ ಮಾತಿಗೆ ಬಾಯಿತುಂಬ ನಕ್ಕರು, ಎದ್ದು ಹೋಗಲಿಲ್ಲ. ಐವತ್ತಾರರಲ್ಲಿ ಇಷ್ಟಾದರೆ ಇಪ್ಪತ್ತೊಂಬತ್ತರಲ್ಲಿ ಎಷ್ಟಾಗಬೇಡ?

ತಾಯಿಯೂ ಮಗಳೂ ಸಂಜೆ ಫೋನಿನಲ್ಲಿ ಮಾತಾಡುವುದು ನನ್ನ ಕಿವಿಗೆ ಬೀಳುತ್ತದೆ. ಊಟವಾಯಿತೆ, ಮಾತ್ರೆ ತೆಗೆದುಕೊಂಡೆಯಾ, ಮಗು ಒದೆಯಿತೆ ಎಂಬವುಗಳ ನಡುವೆ ಇನ್ನೊಂದು ಪ್ರಶ್ನೆಯೂ ಈಗ ಸೇರಿಕೊಂಡಿದೆ: 'ಜೋಲಿ ಎತ್ತಿದೆಯಾ?' ಮಗಳು ತಾಯಿಯನ್ನು ಕೇಳುತ್ತಾಳೆ, ತಾಯಿ ಮಗಳನ್ನು ಕೇಳುತ್ತಾಳೆ. ಪಕ್ಕದಲ್ಲಿ ಪತ್ರಿಕೆ ಓದುತ್ತ ಕೂತ ನಮ್ಮ ಯಜಮಾನರು ಇನ್ನೂ ಮಗುವೇ ಹುಟ್ಟಿಲ್ಲ, ಆಗಲೇ ಜೋಲಿಯ ಮಾತೇಕೆ ಎಂದು ಒಮ್ಮೆ ಕೇಳಿದರು. ಹೇಳಿದೆವು. ಕನ್ನಡಕ ತೆಗೆದು ಒರೆಸಿಕೊಂಡು, 'ನಮ್ಮಮ್ಮನಿಗೂ ಇತ್ತೋ ಏನೋ' ಎಂದರು. ಅವರ ತಾಯಿ ತೀರಿಕೊಂಡು ಮೂವತ್ತು ವರ್ಷವಾಗಿದೆ, ಕೇಳುವಂತಿಲ್ಲ. ಕೇಳಬಹುದಾದವರು ಇನ್ನೂ ಎಷ್ಟೋ ಮನೆಗಳಲ್ಲಿದ್ದಾರೆ.